ದೋಣಿಯ ಹಿಂದಿನ ತೂತು

ಅಕ್ಟೋಬರ್ 6, ಭಾನುವಾರ, ಬೆಳಗ್ಗೆ

ತೂತು ಇವತ್ತೂ ಅಲ್ಲೇ ಇದೆ. ಎದ್ದವನೇ ಹೋಗಿ ನೋಡಿದೆ. ಹಲ್ಲುಜ್ಜಿ ಬಂದು ಮತ್ತೆ ನೋಡಿದೆ. ಹೆಂಡತಿ ನೂರುನ್ನೀಸಾ ಟೀ ತಂದು ಕೊಟ್ಟಳು. "ಹೊಸ ಸೊಸೆ ಬಂದಂಗೆ ನೋಡ್ತಾ ಇದೀರಲ್ಲ ಜೀ. ಒಳಗೆ ಕರ್ಕೊಂಡ್ಬನ್ನಿ." ಬಾಗಿಲು ಚಿಕ್ಕದು. ಇಲ್ಲದಿದ್ದರೆ ತರುತ್ತಿದ್ದೆ.

ಪೆರೇಸಂದ್ರದ ಹತ್ತಿರ ಮುಚ್ಚಿಹೋದ ರೆಸಾರ್ಟಿನಲ್ಲಿ, ಹೊಂಗೆಮರದ ಕೆಳಗೆ ಬೋರಲು ಬಿದ್ದಿತ್ತು. ಅಲ್ಯುಮಿನಿಯಂ ದೋಣಿ. ತಳ ಚಪ್ಪಟೆ, ಎದ್ದು ಕುಣಿದರೂ ಮಗುಚುವುದಿಲ್ಲವಂತೆ. ನನಗೆ ಬೇಕಾದ್ದು ಅದೇ. ಏಸ್ ಗಾಡಿಯಲ್ಲಿ ಹೇರಿಕೊಂಡು ಶಿಡ್ಲಘಟ್ಟಕ್ಕೆ ಬರುವಾಗ ದಾರಿಯುದ್ದಕ್ಕೂ ಒಂದೇ ಪ್ರಶ್ನೆ. "ಸಾಬ್ರೇ, ಯಾರ ಮದ್ವೆ? ಈ ಹಂಡೇಲಿ ಬಿರಿಯಾನಿ ಎಷ್ಟು ಜನಕ್ಕೆ?" ಮೀನುಗಳ ಮದುವೆ, ನೀವೂ ಬನ್ನಿ ಅಂದೆ.

ಮನೆಗೆ ತಂದು ತಿರುಗಿಸಿದಾಗ ಕಂಡಿತು. ಹಿಂಬದಿಯಲ್ಲಿ, ತಳಕ್ಕೆ ಹತ್ತಿರ, ಹೆಬ್ಬೆರಳು ತೂರುವಷ್ಟು ತೂತು. ಒಡೆದದ್ದಲ್ಲ, ಸವೆದದ್ದಲ್ಲ. ದುಂಡಗೆ, ನಯವಾಗಿ, ಯಾರೋ ಬೇಕೆಂದೇ ಕೊರೆದದ್ದು. ದೋಣಿಗೆ ಯಾರು ತೂತು ಕೊರೆಯುತ್ತಾರೆ? ಯಾಕೆ?

ಗೆಳೆಯ ಆವಲಪ್ಪನಿಗೆ ಇನ್ನೂ ಹೇಳಿಲ್ಲ...

ಅಕ್ಟೋಬರ್ 7, ಸಂಜೆ

ಜಂಗಮಕೋಟೆ ಕಡೆಯ ಕೆರೆಗೆ ದೋಣಿ ಸಾಗಿಸಿದ್ದಾಯಿತು. ಆವಲಪ್ಪನ ಮನೆ ಏರಿಯ ಕೆಳಗೇ. ಅವನು ಮೀನು ಹಿಡಿಯುತ್ತಿದ್ದ, ನಾನು ಪೇಟೆಯಲ್ಲಿ ಮಾರುತ್ತಿದ್ದೆ. ಹೋದ ಬೇಸಿಗೆಯವರೆಗೆ. ಲಾರಿ ಟ್ಯೂಬಿಗೆ ಹಲಗೆ ಕಟ್ಟಿಕೊಂಡು ಕೆರೆಗೆ ಇಳಿಯುತ್ತಿದ್ದವನು. ಒಂದು ದಿನ ಟ್ಯೂಬು ಮಗುಚಿತು, ಕಾಲು ಬಲೆಗೆ ಸಿಕ್ಕಿತು. ದನ ಕಾಯುವವರು ನೋಡಿದ್ದಕ್ಕೆ ಉಳಿದ. ಅವತ್ತಿನಿಂದ ನೀರು ಮುಟ್ಟಿಲ್ಲ. ಮನೆ ಮುಂದೆ ಕೂತರೂ ಕೆರೆಗೆ ಬೆನ್ನು.

ನಾನು ಚಿಂತಾಮಣಿಯಿಂದ ಮೀನು ತಂದು ಮಾರುತ್ತೇನೆ. ವ್ಯಾಪಾರಕ್ಕೇನೂ ಆಗಿಲ್ಲ. ಆಗಿರುವುದು ಆವಲಪ್ಪನಿಗೆ. ಮಾತೇ ಇಲ್ಲ ಅವನ ಹತ್ತಿರ ಈಗ. ದೋಣಿ ತಂದದ್ದು ಅದಕ್ಕೇ.

ಆವಲಪ್ಪ ದೋಣಿಯ ಸುತ್ತ ಒಂದು ಸಲ ನಡೆದ. ತೂತಿಗೆ ಬೆರಳಿಟ್ಟ.

"ಏಮಯ್ಯಾ ಖಲೀಮು, ಟ್ಯೂಬಲ್ಲಿ ಸಾಯ್ಲಿಲ್ಲ ಇವ್ನು ಅಂತ ಇದನ್ನ ತಂದ್ಯಾ?"

"ಮೀನುಗಳಿಗೆ ಕಿಟಕಿ ಕಣೋ. ಒಳಗೆ ನೋಡ್ಕೊಂಡು ಹತ್ಲಿ ಅಂತ."

ನಗಲಿಲ್ಲ. ಬೆರಳು ಮಾತ್ರ ಬಹಳ ಹೊತ್ತು ತೂತಿನಲ್ಲೇ ಇತ್ತು.

ಅಕ್ಟೋಬರ್ 11, ಶುಕ್ರವಾರ

ಆಯುಧಪೂಜೆ. ತೂತು ಹೋಯಿತು. ನನ್ನ ಹೆಂಡತಿಯ ತಮ್ಮ ವಾಸಿಫ್ ವೆಲ್ಡಿಂಗ್ ಮಾಡಿಕೊಟ್ಟ. ಇತ್ತು ಅಂತಲೇ ಗೊತ್ತಾಗುವುದಿಲ್ಲ.

ಶ್ಯಾಮಲಮ್ಮ — ಆವಲಪ್ಪನ ಹೆಂಡತಿ — ದೋಣಿಗೂ ಪೂಜೆ ಆಗಲೇಬೇಕು ಅಂದರು. ಹೂವಾಯಿತು, ಕುಂಕುಮವಾಯಿತು. ನಿಂಬೆಹಣ್ಣು ಹಿಡಿದು ನಿಂತುಬಿಟ್ಟರು. "ಖಲೀಮಣ್ಣ, ಇದಕ್ಕೆ ಚಕ್ರ ಎಲ್ಲಿ?" ತಳದ ಕೆಳಗಿಟ್ಟು ಎಲ್ಲರೂ ತಳ್ಳಿದೆವು. ಒಂದು ಹಣ್ಣು ಅಪ್ಪಚ್ಚಿ, ಇನ್ನೊಂದು ಉರುಳಿಕೊಂಡು ಹೋಗಿ ಕೆರೆಗೆ ಬಿತ್ತು. ನಮ್ಮ ಪೈಕಿ ಮೊದಲು ನೀರಿಗೆ ಇಳಿದವನು ಅವನೇ ಅಂದೆ. ಶ್ಯಾಮಲಮ್ಮ ನಕ್ಕರು. ಆವಲಪ್ಪ ದೂರದಲ್ಲಿ ಕೂತಿದ್ದ.

ಅಕ್ಟೋಬರ್ 17

ಮಳೆ, ಮಳೆ, ಮಳೆ. ಇವತ್ತು ಬಿಟ್ಟಿತು. ಹೋಗಿ ನೋಡಿದರೆ ದೋಣಿ ತುಂಬ ನೀರು, ಆವಲಪ್ಪನ ಎಮ್ಮೆ ಅದರಲ್ಲಿ ಮೂತಿಯಿಟ್ಟು ಕುಡಿಯುತ್ತಿದೆ. ಎತ್ತಿ ಬಗ್ಗಿಸೋಣ ಅಂದರೆ ಅಲುಗುವುದಿಲ್ಲ. ಬಕೆಟ್ಟಿನಲ್ಲಿ ಮೊಗೆದು ಮೊಗೆದು ಸೊಂಟ ಹೋಯಿತು.

ಜೊತೆಗೆ ಮೊಗೆಯುತ್ತಿದ್ದ ಆವಲಪ್ಪ ಕೈ ನಿಲ್ಲಿಸಿದ. ಹಿತ್ತಲಿನಲ್ಲಿ ದನಗಳ ನೀರಿನ ತೊಟ್ಟಿ ಇದೆ, ಅದನ್ನೇ ನೋಡುತ್ತಿದ್ದ.

"ಖಲೀಮು, ತೊಟ್ಟಿ ಅಡೀಲಿ ತೂತು ಯಾಕಿರ್ತದೆ?"

"ತೊಳ್ದ ನೀರು ಹೋಗೋಕೆ."

"ಮತ್ತೆ ದೋಣೀಗೆ?"

ಇಬ್ಬರೂ ಬಗ್ಗಿ ದೋಣಿಯ ಹಿಂಬದಿ ನೋಡಿದೆವು. ದಡದಲ್ಲಿದ್ದಾಗ ಮಳೆ ನೀರು ಹೋಗಲು ಬಿರಡೆ ತೆಗೆಯುವುದು, ಕೆರೆಗಿಳಿಸುವಾಗ ಹಾಕುವುದು. ಇಷ್ಟೇ. ಬುದ್ಧಿವಂತರು ದೋಣಿಯ ಮೋರಿಗೇ ವೆಲ್ಡಿಂಗ್ ಹೊಡೆಸಿದ್ದೆವು.

ಆವಲಪ್ಪ ನಕ್ಕ. ಹೊಟ್ಟೆ ಹಿಡಿದುಕೊಂಡು, ಕೆಸರಿನಲ್ಲೇ ಕೂತು ನಕ್ಕ. ಎಮ್ಮೆ ಹೆದರಿ ಹೋಯಿತು.

ಅಕ್ಟೋಬರ್ 20, ಭಾನುವಾರ

ಮೊನ್ನೆ ವಾಸಿಫ್ ಗೊಣಗಿದ. "ಭಾಯ್, ಅವತ್ತು ಮುಚ್ಚು ಅಂದ್ರಿ, ಇವತ್ತು ತೆಗಿ ಅಂತೀರಿ. ಒಂದ್ಸಲ ಮಲಗಿ ಎದ್ದು ಹೇಳಿ." ಕೊರೆದು ಕೊಟ್ಟ.

ಬಿರಡೆ ಆವಲಪ್ಪ ಕೆತ್ತುತ್ತಿದ್ದಾನೆ. ಅವನ ತೋಟದ ಹಳೇ ಹಿಪ್ಪುನೇರಳೆ ಬುಡ, ಕುಡುಗೋಲು. ಮೊದಲನೆಯದು ಸಣ್ಣದಾಯಿತು. ಎರಡನೆಯದು ಸೀಳಿತು. ಈಗಿನದು ಗಜ್ಜರಿಯ ಹಾಗೆ, ತುದಿಗೆ ಹೋಗ್ತಾ ಸಣ್ಣ. "ನೆನೆದ್ರೆ ಉಬ್ಬುತ್ತೆ. ಎಷ್ಟು ಉಬ್ಬುತ್ತೆ ಅನ್ನೋದೇ ಗೊತ್ತಿಲ್ಲ," ಅಂದ. ಅವನೇ ಮಾತು ತೆಗೆಯುತ್ತಿದ್ದಾನೆ. ಮನೆಗೆ ಬಂದರೂ ಫೋನು. ಟ್ಯೂಬು ಸುತ್ತೋಣವಾ? ಮೇಣ ಬಳಿಯೋಣವಾ?

ಕೊನೆಗೆ ಇವತ್ತು ಬೆಳಗ್ಗೆ ಬಾಯಿ ತಪ್ಪಿ ಹೇಳಿದೆ — "ನಾಳೇನೇ ಇಬ್ರೂ ಇಳಿದು ನೋಡೋಣ ಬಾರೋ."

ಕುಡುಗೋಲು ಕೆಳಗಿಟ್ಟ. "ನೀನು ಇಳಿ. ನನ್ನ ಕರೀಬೇಡ."

ಅದಾದಮೇಲೆ ಫೋನಿಲ್ಲ.

ಅಕ್ಟೋಬರ್ 27, ಭಾನುವಾರ, ಮಧ್ಯಾಹ್ನ, ಏರಿ ಮೇಲೆ

ಮೊಣಕಾಲ ಮೇಲೆ ಪುಸ್ತಕ, ಅಕ್ಷರ ಕೆಟ್ಟದಾಗಿದೆ. ಬರೆದುಬಿಡುತ್ತೇನೆ.

ಬೆಳಗ್ಗೆ ನಾನೊಬ್ಬನೇ ಇಳಿದೆ. ಈಜು ಬರದು. ದೋಣಿಗೆ ಹಗ್ಗ ಕಟ್ಟಿ ತುದಿಯನ್ನು, ದಡದಲ್ಲಿ ನಿಲ್ಲಲು ಮಾತ್ರ ಒಪ್ಪಿದ್ದ ಆವಲಪ್ಪನ ಕೈಗೆ ಕೊಟ್ಟಿದ್ದೆ. ಒಂದಿಷ್ಟು ದೂರ ಹೋಗುವಷ್ಟರಲ್ಲಿ ಬಿರಡೆಯ ಸುತ್ತ ತೇವ.

"ಬರ್ತಾ ಇದೆಯೇನೋ?" ದಡದಿಂದ ಕೇಳಿದ.

"ಬೆವರ್ತಾ ಇದೆ."

"ಬೆವರು ಅಂದ್ರೆ ಎಷ್ಟು?"

"ನನಗಿಂತ ಕಮ್ಮಿ."

"ತಮಾಷೆ ಬಿಡೋ. ಸುತ್ಲೂ ಬರ್ತಾ ಇದೆಯಾ, ಒಂದೇ ಕಡೇನಾ?"

ನನಗೆ ತಿಳಿಯಲಿಲ್ಲ. ಹಾಗೇ ಹೇಳಿದೆ. ಹಗ್ಗ ಎಳೆದು ದೋಣಿಯನ್ನು ಹತ್ತಿರ ತಂದ. ಬಗ್ಗಿ ನೋಡಿದ. ಕಾಣಲಿಲ್ಲ. ಮೊಣಕಾಲವರೆಗೆ ಬಂದ. ಕೈಗೆ ಎಟುಕಲಿಲ್ಲ. ಇನ್ನೊಂದು ಹೆಜ್ಜೆ, ಇನ್ನೊಂದು. ಹಿಂದಿನಿಂದ ಕೈ ಹಾಕಿ ತಡವಿದ.

"ಒಳಗಿಂದ ತುರುಕಿದೀಯಲ್ಲೋ. ನೀರು ಅದನ್ನ ಒಳಕ್ಕೆ ನೂಕಿ ಸಡಿಲ ಮಾಡ್ತದೆ. ಹೊರಗಿಂದ ಹಾಕಿದ್ರೆ ನೀರೇ ಬಿಗಿ ಮಾಡ್ತದೆ."

ಕಿತ್ತು, ಹೊರಗಿನಿಂದ ಒತ್ತಿ, ಕಲ್ಲಿನಿಂದ ಕುಟ್ಟಿದ. ಒಳಗೆ ನುಗ್ಗುತ್ತಿದ್ದ ನೀರು ನಿಂತಿತು. ಆಮೇಲೆ ತಲೆ ಬಗ್ಗಿಸಿ ನೋಡಿಕೊಂಡ. ಸೊಂಟದವರೆಗೆ ಕೆರೆ.

  ನಾನು ಒಂದು ಪಕ್ಕಕ್ಕೆ ಸರಿದು ಕೂತೆ.

ಅವನು ಅಂಚು ಹಿಡಿದು ಬಹಳ ಹೊತ್ತು ನಿಂತಿದ್ದ. ಆಮೇಲೆ ಹತ್ತಿದ.

ಒಂದು ಸುತ್ತು ಹಾಕಿ ಬಂದೆವು. ಎರಡನೇ ಸುತ್ತಿಗೆ ನನ್ನನ್ನು ಇಳಿಸಿಬಿಟ್ಟ. "ನಿನ್ ಭಾರಕ್ಕೆ ದೋಣಿ ಹಿಂದೆ ತಗ್ಗ್ತದೆ, ಹೋಗು." ನನ್ನ ದೋಣಿಯಿಂದ ನನ್ನನ್ನೇ.

ಶ್ಯಾಮಲಮ್ಮ ಊಟಕ್ಕೆ ಕರೆಯಲು ಬಂದರು. ಕಣ್ಣಿಗೆ ಕೈ ಅಡ್ಡ ಇಟ್ಟು ನೋಡಿದರು. "ಅಲ್ಲಿರೋದು ಯಾರು?" ನಿಮ್ಮವರೇ ಅಂದೆ.  ನೀರಿನ ಅಂಚಿನವರೆಗೆ ಇಳಿದರು. ಆಮೇಲೆ ಕೂಗಿದರು. "ಊಟಕ್ಕೆ ಬರ್ತೀರಾ?" ಅವನು ಅಲ್ಲಿಂದಲೇ ಕೈ ಬೀಸಿ, ಇನ್ನೊಂದು ಸುತ್ತು ಅಂದ. ಮತ್ತೆ ಕೂಗಿದರು. ಮತ್ತೆ ಇನ್ನೊಂದು ಸುತ್ತು.

"ಅವ್ರು ಈಗ ಬರೋ ಹಂಗಿಲ್ಲ. ನೀವಾದ್ರೂ ಬನ್ನಿ ಖಲೀಮಣ್ಣ, ಮುದ್ದೆ ಆರೋಗ್ತದೆ."

ಬಂದೆ ಅಂದೆ. ತೂಬಿನ ಹತ್ತಿರ ದೋಣಿ ನಿಲ್ಲಿಸಿದ್ದಾನೆ. ಬಗ್ಗಿ ನೀರಿಗೆ ಕೈ ಹಾಕಿ, ಬಲೆ ಎಲ್ಲಿ ಬಿಡೋಣ ಅಂತ ನೋಡುತ್ತಿದ್ದಾನೆ.