ಹಳದಿ ಪ್ಲಗ್ಗೇ ತಂದಿದ್ದೇನೆ

ಇಂಚರಾ,

ಎದ್ದ ಕೂಡಲೇ ಇವತ್ತಿನ ರೇಸಿಗೆ ಬರುವುದಿಲ್ಲ ಅನ್ನಬೇಡ. ರಿಮೋಟ್ ಕಾರಿನ ಬಿಳಿ ಪ್ಲಗ್ ಕರಗಿದ್ದಕ್ಕೆ ಅಷ್ಟು ಅಳಬೇಕೇ? ನಿನ್ನೆ ಸಂಜೆ ಮಾರ್ಕೆಟ್ಟಿನಿಂದ ಹೂವು ತರುವಾಗ ಮಾಮೂಲ್‌ಪೇಟೆಯ ಎಲೆಕ್ಟ್ರಿಕ್ ಅಂಗಡಿಗೂ ಹೋಗಿಬಂದೆ.

ಕಾರಿನ ಬ್ಯಾಟರಿಗೆ ಪ್ಲಗ್ ಕೊಡಿ ಅಂದರೆ ಅಂಗಡಿಯವರು, "ಯಾವ ಕಾರಮ್ಮಾ, ಪೆಟ್ರೋಲಾ ಡೀಸೆಲ್ಲಾ?" ಅಂದರು. "ನಮ್ಮನೆ ಮಂಚದ ಕೆಳಗೆ ಓಡೋದು" ಅಂದೆ. ನಗುತ್ತಾ ಬಿಳಿ, ಕೆಂಪು, ಹಳದಿ ಮೂರನ್ನೂ ಅಂಗೈಗಿಟ್ಟರು. ನೀನು ಬಿಳಿಯದನ್ನೇ ಹೇಳಿದ್ದೆ. ಜೋರಾಗಿ ಓಡಿಸಿದರೆ ಅದು ಮತ್ತೆ ಬಿಸಿಯಾಗುತ್ತದಂತೆ. ಹಳದಿಯದು ತಡೆಯುತ್ತದೆ, ತಿರುಗುಮುರುಗಾಗಿ ಸಿಕ್ಕಿಸಲೂ ಬರುವುದಿಲ್ಲ. ಜೊತೆಗೆ ಅಪ್ಪನ ರೇಸ್ ಕಾರಿನದ್ದೂ ಹಳದಿಯೇ, ಅವರ ಬ್ಯಾಟರಿಗೂ ಹೊಂದುತ್ತದೆ. ಅಪ್ಪನ ಬಣ್ಣ ನನಗೆ ಬೇಡ ಅಂತ ಮುಖ ಊದಿಸಬೇಡ. ಅವರ ಎರಡನೇ ಬ್ಯಾಟರಿ ಚಾರ್ಜ್ ಆಗಿ ಫ್ರಿಜ್ ಮೇಲಿದೆ. ಬೆಳಿಗ್ಗೆ ಅವರೇ ಇಟ್ಟುಹೋದರು. "ಅವಳೇ ಬರದಿದ್ರೆ ನಾನು ಯಾರನ್ನ ಸೋಲಿಸ್ಲಿ?" ಅಂದರು.

ದೋಸೆ ತಿಂದು ಆಮೇಲೆ ಬೆಸುಗೆ ಹಾಕು. ನನ್ನ ಅಡುಗೆ ಕಟ್ಟೆಯ ಮೇಲೆ ಬೇಡ, ತಾರಸಿಗೆ ಹೋಗು. ಬೆಸುಗೆಯನ್ನು ಮುಚ್ಚುವ ಕಪ್ಪು ಕೊಳವೆಯನ್ನು ಮೊದಲೇ ತಂತಿಗೆ ಪೋಣಿಸು. ಹೋದ ಸಲ ನೀನು ಅದನ್ನು ಮರೆತು ಎಲ್ಲವನ್ನೂ ಬಿಚ್ಚಿದ್ದೆ. ಕೆಂಪು ತಂತಿ ಪ್ಲಸ್ ಗುರುತಿಗೆ. ಕೈ ಸುಟ್ಟುಕೊಳ್ಳಬೇಡ, ಬಂಗಾರಿ.

ನಾನು ಭಜನೆ ಮುಗಿಸಿ ನೇರ ಮೈದಾನಕ್ಕೆ ಬರುತ್ತೇನೆ. ನಮ್ಮ ಮಂಡಳಿಯವರೂ ತಾಳ ಹಿಡಿದು ಬರುತ್ತಿದ್ದಾರೆ. "ಯಾರ ಕಡೆ ಬಾರಿಸ್ಬೇಕ್ರೀ?" ಅಂತ ಕೇಳಿದರು. ಮಗಳ ಕಡೆ ಅಂದುಬಿಟ್ಟೆ. ಅಪ್ಪನಿಗೆ ಹೇಳಬೇಡ.

ಅಮ್ಮ