ಹಾಲ್ಟ್ ಖೋಲಿಯ ಬೀಗ

12.11.2001, ಸೋಮವಾರ

ಹೊಸ ಡ್ಯೂಟಿ. ತೆಲಿಗಿ ದಾಟಿ ಕೊನೆಯ ಊರಿಗೆ ನೈಟ್ ಹಾಲ್ಟ್. ಸಂಜೆ ಏಳಕ್ಕೆ ತಲುಪಿದೆವು. ಬೆಳಿಗ್ಗೆ ಆರಕ್ಕೆ ಹರಪನಹಳ್ಳಿಗೆ ವಾಪಸ್. ಟಿಕೆಟ್ ಲೆಕ್ಕದ ವೇ-ಬಿಲ್ ಮುಗಿಸಿ ಇದನ್ನು ಬರೆಯುತ್ತಿದ್ದೇನೆ.

ಡ್ರೈವರ್ ಹಾಲಸ್ವಾಮಿಗೆ ಹಳೆಯ ರೂಟು. ರೂಲು ತಿಳಿಸಿದ — ನಮಗೆ ಮಲಗಲು ಜಾಗ ಊರವರೇ ಕೊಡಬೇಕು. ಕೊಡದಿದ್ದರೆ ಹಾಲ್ಟ್ ರದ್ದು, ಬೆಳಗಿನ ಬಸ್ಸೂ ಇಲ್ಲ. ಇಲ್ಲಿ ಗುಡಿಯ ಪಕ್ಕ ಒಂದು ಖೋಲಿ. ಎರಡು ಚಾಪೆ, ಒಂದು ಕೊಡ ನೀರು. ಬೀಗದ ಕೀ ಊರ ಹಿರಿಯರಾದ ಬೆನಕಪ್ಪ ಅವರ ಬಳಿ.

"ಯಾವೂರ್ರಿ ಕಂಡಕ್ಟರ್?" ಕೀ ಕೊಡುತ್ತ ಕೇಳಿದರು.

"ಕೊಟ್ಟೂರು."

"ಕೊಟ್ಟೂರಾಗ ಎಲ್ಲಿ ಬರತೈತಿ ಮನಿ?"

ಕೇಳಿದ್ದಕ್ಕೆ ಸರಿಯಾಗಿ ಉತ್ತರಿಸುವುದು ನನ್ನ ಚಾಳಿ. ಅಂಬೇಡ್ಕರ್ ನಗರ ಎಂದೆ.

"ಹಾಂ" ಎಂದರು. ಮತ್ತೇನೂ ಕೇಳಲಿಲ್ಲ.

13.11, ಸಂಜೆ

ಖೋಲಿಗೆ ಬೀಗ. ಕೀ ಕಳೆದಿದೆಯಂತೆ. ಬೆನಕಪ್ಪ ತಮ್ಮ ಪಡಸಾಲೆಯಲ್ಲಿ ಮಂಚ ಹಾಕಿಸಿದ್ದಾರೆ — ಒಂದು. "ಸ್ವಾಮಿ, ನೀವು ಬರ್ರಿ" ಎಂದು ಹಾಲಸ್ವಾಮಿಯನ್ನು ಕರೆದರು. ನನಗೆ ಹೇಳಿದ್ದು: "ಬಸ್ಸು ಕಾಯಾಕ ಒಬ್ರು ಬೇಕಲ್ರಿ."

ಹಾಲಸ್ವಾಮಿ ಹೋಗುವಾಗ ನನ್ನ ಮುಖ ನೋಡಲಿಲ್ಲ. "ಎರಡು ದಿನ ಹೊಂದ್ಕೋಳಪಾ. ಕೀ ಸಿಗತೈತಿ."

ಹಿಂದಿನ ಉದ್ದ ಸೀಟು. ತಲೆಗೆ ಕಲೆಕ್ಷನ್ ಬ್ಯಾಗು.

29.11

ಕೀ ಸಿಕ್ಕಿಲ್ಲ.

ಲೈಬ್ರರಿಯಿಂದ ತಂದ ರಷ್ಯನ್ ಕಾದಂಬರಿ ಓದುತ್ತಿದ್ದೇನೆ. ಕೈದಿಗಳನ್ನು ದೂರ ನಡೆಸಿಕೊಂಡು ಹೋಗುವಾಗ ರಾತ್ರಿ ಕೂಡಿಹಾಕುವ ಕಟ್ಟಡ ಬರುತ್ತದೆ. ಅನುವಾದಕರು 'ಛತ್ರ' ಎಂದಿದ್ದಾರೆ. ತಪ್ಪು. ಛತ್ರಕ್ಕೆ ಬಂದವರನ್ನು ಒಳಗಿಟ್ಟು ಹೊರಗಿನಿಂದ ಬೀಗ ಹಾಕುವುದಿಲ್ಲ. 'ಬಿಡಾರ'ವೂ ಅಲ್ಲ — ಬಿಡಾರ ನಾವಾಗಿ ಹೂಡುವುದು. 'ವಸತಿ' ಎಂದರೆ ನನಗೆ ಹಾಸ್ಟೆಲ್ಲೇ ಕಣ್ಣಿಗೆ ಬರುತ್ತದೆ. ಸಾಲು ಚಾಪೆ, ಒಬ್ಬನ ಕಾಲು ಇನ್ನೊಬ್ಬನ ಮೇಲೆ. ಒಳ್ಳೆಯ ನಿದ್ದೆ ಬರುತ್ತಿತ್ತು.

ಡಿಪೋ ಕಾಗದದಲ್ಲಿ ಇಲ್ಲಿಯ ಖೋಲಿಗೆ 'ಸಿಬ್ಬಂದಿ ವಿಶ್ರಾಂತಿ ಗೃಹ' ಎಂದಿದೆ. ಬೀಗ ಹೊರಗೆ. ನಾನೂ ಹೊರಗೆ.

4.12

ಚಳಿ. ಮೂರು ದಿನದಿಂದ ಸಣ್ಣ ಜ್ವರ.

ಆರರ ಬಸ್ಸಿಗೆ ಮೊದಲು ಬರುವವಳು ಪ್ರಿಯಾ. ಇಲ್ಲಿಯ ಕೇರಿಯ ಹುಡುಗಿ. ಹರಪನಹಳ್ಳಿಯಲ್ಲಿ ನರ್ಸ್ ಟ್ರೈನಿಂಗ್. ಎಂಟಕ್ಕೆ ಹಾಜರಿ. ಇದು ಬಿಟ್ಟರೆ ಮುಂದಿನ ಬಸ್ಸು ಹತ್ತಕ್ಕೆ.

"ಅಣ್ಣಾ, ಕಣ್ಣು ಕೆಂಪಗ ಅದಾವ. ಮೈ ಸುಡತೈತೇನ್ರಿ?"

"ನಿದ್ದೆ ಕಡಿಮೆ."

"ಅವ್ವ ಹೇಳ್ಯಾಳ, ನಮ್ಮ ಮನ್ಯಾಗ ಮಲಗಾಕ ಬರ್ರಿ. ಸಣ್ಣದೈತಿ, ಬೆಚ್ಚಗೈತಿ."

ಬೇಡ ಎಂದೆ. ಅಲ್ಲಿಗೆ ಹೋದರೆ ಆ ಕೀ ಎಂದೂ ಸಿಗುವುದಿಲ್ಲ.

11.12, ರಾತ್ರಿ

ಬೆಳಿಗ್ಗೆ ಹರಪನಹಳ್ಳಿ ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಯರ್ರಿಸ್ವಾಮಿ ಇಬ್ಬರನ್ನೂ ಕರೆದರು. "ಮ್ಯಾಲಿಂದ ಕೇಳ್ಯಾರ. ಹಾಲ್ಟಿಗೆ ಜಾಗ ಐತೇನ್ರಿ? ಇಲ್ಲಂದ್ರ ತಗಸಿಬಿಡ್ತೀವಿ."

"ಐತ್ರಿ" ಎಂದ ಹಾಲಸ್ವಾಮಿ.

"ಒಬ್ಬರಿಗೈತ್ರಿ" ಎಂದೆ.

"ಅಂದ್ರ? ಇನ್ನೊಬ್ರು ನಿಂತ್ಕೊಂಡು ಮಲಗ್ತೀರೇನು?" ನಕ್ಕರು. ನಾನು ನಗಲಿಲ್ಲ. "ಸೋಮವಾರ ಹೇಳ್ರಿ. ಇಬ್ರೂ ಒಂದ ಮಾತು ಹೇಳ್ರಿ."

ಸಂಜೆ ತೆಲಿಗಿ ದಾಟಿದೆವು. ಹಾಲಸ್ವಾಮಿ ಕೇಳಿದ, "ಆ ಹುಡುಗಿ ನೆನಪಾಗಲಿಲ್ಲೇನು ನಿನಗ?"

ನೆನಪಾಗಿದ್ದಳು. ಅದಕ್ಕೇ 'ಇಲ್ಲ' ಎನ್ನಲಿಲ್ಲ.

ಬೆನಕಪ್ಪ ಅವರ ಮನೆಯಲ್ಲಿ ಎರಡು ಬೈಕು ಇವೆ. ಬಸ್ಸು ನಿಂತರೆ ನಡೆಯುವವರು ಕೇರಿಯವರು.

16.12, ಭಾನುವಾರ ಸಂಜೆ

ಹಾಲಸ್ವಾಮಿ ಕಂಬಳಿ ಹೆಗಲಿಗೆ ಹಾಕಿಕೊಂಡು ಬಸ್ಸು ಹತ್ತಿದ. ಹಿಂದೆಯೇ ಬೆನಕಪ್ಪ. ಫುಟ್‌ಬೋರ್ಡಿನ ಕೆಳಗೇ ನಿಂತರು.

"ಯಾಕ್ರಿ ಸ್ವಾಮಿ, ಅಲ್ಲಿ ಹಾಸಿ ಇಟ್ಟೈತಿ."

"ನಿಮ್ಮ ಮಂಚದಾಗ ತಗಣಿ ಭಾಳ ಅದಾವ್ರಿ, ಹಿರ್ಯಾರ."

"ತಿಂಗಳಿಂದ ಇರಲಿಲ್ಲೇನು?"

"ಇದ್ವು. ನಾನ ಸುಮ್ಮನಿದ್ದೆ."

ಬೆನಕಪ್ಪ ನನ್ನ ಕಡೆ ಒಮ್ಮೆ ನೋಡಿ ಹೋದರು.

ಮೂವರ ಸೀಟಿನಲ್ಲಿ ಹಾಲಸ್ವಾಮಿಯ ಕಾಲು ಹೊರಗೆ ಇಳಿಬಿದ್ದಿದೆ. "ಲೇ, ದಿನಾ ಇದರಾಗ ಹೆಂಗ ಮಲಗ್ತಿ?"

"ಮಗ್ಗಲು ಬದಲಿಸಬಾರದು."

ಕಾಲು ಒಳಗೆಳೆದುಕೊಂಡ. ಮತ್ತೆ, "ನಾಳಿ ಕೇಳಿದ್ರ ಏನ್ ಹೇಳೋಣ?"

ಅವನು ಬಂದದ್ದು ಹಿತವಾಗಿದೆ. ಆದರೆ ಬಂದದ್ದರಿಂದ 'ಒಬ್ಬರಿಗೈತ್ರಿ' ಎಂಬ ಮಾತೂ ಹೋಯಿತು. ಈಗ ಯಾರಿಗೂ ಜಾಗವಿಲ್ಲ. ಇದೇ ನಿಜ, ಇದೇ ಹೇಳಬಾರದ್ದು…

17.12, ಬೆಳಿಗ್ಗೆ, ಸ್ಟ್ಯಾಂಡ್

ಪ್ರಿಯಾ ಬಸ್ಸಿನಲ್ಲಿ ಎರಡು ಕಂಬಳಿ ನೋಡಿದಳು. ಎರಡನ್ನೂ ಮಡಿಸಿದಳು. ಇಳಿಯುವಾಗ, "ಇನ್ನ ಮೂರು ತಿಂಗಳೈತ್ರಿ ಅಣ್ಣಾ, ಟ್ರೈನಿಂಗ್." ಹಾಲ್ಟ್ ರದ್ದಾಗಬಹುದೆಂದು ಊರಲ್ಲಿ ಸುದ್ದಿ ಆಗಿದೆ ಎಂದಾಯಿತು.

ಹಾಲಸ್ವಾಮಿ ಸ್ಟೇರಿಂಗ್ ಬಿಟ್ಟು ಇಳಿದಿಲ್ಲ. "ನೀನ ಹೇಳಪಾ. ನೀ ಹೇಳಿದ್ದಕ್ಕ ನಾ ಹೂಂ ಅಂತೀನಿ."

ಯರ್ರಿಸ್ವಾಮಿ ಕಿಟಕಿಯಿಂದ ಕೈ ಮಾಡುತ್ತಿದ್ದಾರೆ. ಹೋಗುತ್ತೇನೆ. 'ಐತ್ರಿ, ಇಬ್ಬರಿಗೂ' ಎನ್ನುತ್ತೇನೆ. ಸುಳ್ಳಲ್ಲ — ರಾತ್ರಿ ಇಬ್ಬರೂ ಮಲಗಿದ್ದೆವು. ಎಲ್ಲಿ ಎಂದು ಕೇಳಿದರೆ… ಕೇಳಿದ್ದಕ್ಕೆ ಸರಿಯಾಗಿ ಉತ್ತರಿಸುವುದು ನನ್ನ ಚಾಳಿ.