ಒಂದೇ ಸಲ ಕೇಳಿದ ಪ್ರಶ್ನೆ

ಎಲ್ವರುಮ್ ಪಟ್ಟಣ, ಮಿನೆಸೋಟಾ
ಭಾನುವಾರ, ಏಪ್ರಿಲ್ 15, 2018

ಪ್ರೀತಿಯ ಡಾಗ್ನಿ,

ಹೇಗಿದ್ದೀಯ? ಮೊಣಕಾಲು ಹೇಗಿದೆ? ಆಪರೇಷನ್ ಆದ ಮೇಲೆ ಮೆಟ್ಟಿಲು ಹತ್ತಬೇಡಿ ಎಂದು ಡಾಕ್ಟರು ಹೇಳಿದ್ದರೂ ನೀನು ಹತ್ತುತ್ತಲೇ ಇರುತ್ತೀಯ ಎಂದು ನನಗೆ ಗೊತ್ತು. ಹತ್ತು, ಆದರೆ ಕಂಬಿ ಹಿಡಿದುಕೊಂಡು ಹತ್ತು. ನಾನು ಚೆನ್ನಾಗಿದ್ದೇನೆ. ಏಪ್ರಿಲ್ ತಿಂಗಳೆಂಬ ಮರ್ಯಾದೆಯೂ ಇಲ್ಲದೆ ಶುಕ್ರವಾರದಿಂದ ಹಿಮ ಸುರಿಯುತ್ತಿದೆ. ಇವತ್ತು ಚರ್ಚಿಗೂ ರಜೆ ಕೊಟ್ಟಿದ್ದಾರೆ. ಆದ್ದರಿಂದ ಈ ಕಾಗದ ಉದ್ದವಾಗುತ್ತದೆ. ಕಾಫಿ ಮಾಡಿಕೊಂಡು ಬಂದು ಕೂತು ಓದು.

2015ರ ಮೇ ತಿಂಗಳಲ್ಲಿ ಎಲ್ವರುಮ್ ಕಾಲೇಜು ನಿನಗೊಂದು ಅನ್ಯಾಯ ಮಾಡಿತು. ಇಪ್ಪತ್ತೈದು ವರ್ಷ ಆ ಕ್ರೀಡಾ ವಿಭಾಗವನ್ನು ಹೊತ್ತವಳನ್ನು ಪಕ್ಕಕ್ಕಿಟ್ಟು, ಈ ಊರಿನಲ್ಲಿ ಒಂದು ಚಳಿಗಾಲವನ್ನೂ ಕಳೆಯದ ಟ್ರೆಂಟ್ ಪರ್ಸೆಲ್ ಎಂಬವರನ್ನು ಕರೆತಂದು ನಿರ್ದೇಶಕರ ಕುರ್ಚಿಯಲ್ಲಿ ಕೂರಿಸಿತು. ಅಷ್ಟೇ ಆಗಿದ್ದರೆ ನಾನು ನುಂಗಿಕೊಳ್ಳುತ್ತಿದ್ದೆನೋ ಏನೋ. ಆದರೆ ಕಾಲೇಜಿನ ಅಧ್ಯಕ್ಷ ಟಿಸ್‌ಡೇಲ್ ಅವರು ನಮ್ಮ ವಾರಪತ್ರಿಕೆಗೆ, ‘ಡಾಗ್ನಿ ಸ್ಟೆನ್ಸ್‌ರುಡ್ ಅವರಿಗೆ ಈ ಹುದ್ದೆಯಲ್ಲಿ ಆಸಕ್ತಿ ಇರಲಿಲ್ಲ’ ಎಂದು ಹೇಳಿಕೆ ಕೊಟ್ಟರು. ಆಸಕ್ತಿ ಇರಲಿಲ್ಲವಂತೆ! ನೀನು ಒಂದು ಮಾತೂ ಆಡದೆ ಮನೆ ಮಾರಿ, ಓಹಾಯೊದ ಆ ದೊಡ್ಡ ವಿಶ್ವವಿದ್ಯಾಲಯಕ್ಕೆ ದೇಣಿಗೆ ಎತ್ತುವ ಕೆಲಸ ಹಿಡಿದು ಹೊರಟುಹೋದೆ. ನೀನು ಸುಮ್ಮನಿದ್ದುದರಿಂದ ಊರೂ ಅದನ್ನೇ ನಂಬಿತು. ನಾನು ನಂಬಲಿಲ್ಲ. ಹೈಸ್ಕೂಲಿನಲ್ಲಿ ಜೀವಮಾನವೆಲ್ಲ ಚರಿತ್ರೆ ಪಾಠ ಮಾಡಿದವಳಿಗೆ ಅಧಿಕಾರದಲ್ಲಿರುವವರು ಕೊಡುವ ಒಂದೇ ಸಾಲಿನ ಹೇಳಿಕೆ ಸುಲಭವಾಗಿ ಜೀರ್ಣವಾಗುವುದಿಲ್ಲ.

ಈಗ ಆ ಕುರ್ಚಿ ಮತ್ತೆ ಖಾಲಿಯಾಗಿದೆ. ಪರ್ಸೆಲ್ ಹೋದ ತಿಂಗಳು ಅರಿಜೋನಾದ ಯಾವುದೋ ದೊಡ್ಡ ಕಾಲೇಜಿಗೆ ಹೋದರು. ಅವರ ಕಸುಬಿನವರಿಗೆ ಒಂದು ಕಾಲೇಜು ಇನ್ನೊಂದಕ್ಕೆ ಹತ್ತುವ ಮೆಟ್ಟಿಲು; ಅದಕ್ಕಾಗಿ ಬೈಯುವುದಿಲ್ಲ. ಇಲ್ಲಿ ಮಾಡಿ ಹೋದದ್ದಕ್ಕೆ ಬೈಯುತ್ತೇನೆ. ನೀನು ಹೋದ ಮೇಲೆ ಅವರು ಆಟದ ಅಂಗಳದ ಸೀಟುಗಳಿಗೆ ಅಂಕ ಹಾಕುವ ಪದ್ಧತಿ ತಂದರು. ಯಾರ ದೇಣಿಗೆ ಎಷ್ಟು ದೊಡ್ಡದೋ ಅವರು ಅಷ್ಟು ಮುಂದೆ. ಹೆಣ್ಣುಮಕ್ಕಳ ತಂಡದ ಮೊದಲ ಆಟದಿಂದಲೂ ಮೂರನೆಯ ಸಾಲಿನಲ್ಲಿ ಹೆಣಿಗೆ ಹಿಡಿದು ಕೂರುತ್ತಿದ್ದ ಲವಾನ್ ಶ್ಮಿಟ್ಕೆ ಈಗ ಚಾವಣಿಗೆ ತಾಗುವ ಕೊನೆಯ ಸಾಲಿನಲ್ಲಿ ಕೂತಿದ್ದಾಳೆ. “ಆಟ ಕಾಣಲ್ಲ ಅರ್ಡಿಸ್, ಆದ್ರೆ ಬಲ್ಬು ತುಂಬಾ ಚೆನ್ನಾಗಿ ಕಾಣುತ್ತೆ” ಅನ್ನುತ್ತಾಳೆ. ತೀರಿಹೋದ ಅವಳ ಗಂಡ ಎಲ್‌ರಾಯ್‌ಗೆ ಹುಟ್ಟುಹಬ್ಬದ ಶುಭಾಶಯ ಹೇಳಿ, ಜೊತೆಗೇ ದೇಣಿಗೆ ಕೇಳಿ ಕಾಲೇಜಿನಿಂದ ಮೊಬೈಲಿಗೆ ಸಂದೇಶ ಬಂದಿತ್ತಂತೆ. “ಅವರು ವಿಳಾಸ ಬದಲಾಯಿಸಿದ್ದಾರೆ, ಗುಡ್ಡದ ಮೇಲಿನ ಸ್ಮಶಾನದಲ್ಲಿ ವಿಚಾರಿಸಿ ಅಂತ ಉತ್ತರ ಕಳಿಸಿದೆ” ಎಂದಳು. ನಕ್ಕು ಹೇಳಿದಳು, ಆದರೆ ಆ ವರ್ಷ ಅವಳು ಕಾಲೇಜಿಗೆ ಏನೂ ಕೊಡಲಿಲ್ಲ. ಅವಳೊಬ್ಬಳೇ ಅಲ್ಲ.

ಮರೆಯುವುದರಲ್ಲಿ ಈ ಊರು ಬಹಳ ಜಾಣ, ಅದಕ್ಕೇ ನಾನು ನೆನಪಿಟ್ಟುಕೊಂಡಿದ್ದೇನೆ. ಅರವತ್ತರ ದಶಕದಲ್ಲಿ ನಾನು ಆ ಕಾಲೇಜಿನಲ್ಲಿ ಓದುವಾಗ ಹುಡುಗಿಯರಿಗೆ ತಂಡವೇ ಇರಲಿಲ್ಲ. ವರ್ಷಕ್ಕೊಮ್ಮೆ ಅಕ್ಕಪಕ್ಕದ ಕಾಲೇಜುಗಳ ಹುಡುಗಿಯರನ್ನು ಕರೆಸಿ, ಯಾರೂ ಗೆಲ್ಲದಂತೆ ಎಲ್ಲರನ್ನೂ ಬೆರೆಸಿ ಆಡಿಸಿ, ಕೈಗೆ ಶರಬತ್ತು ಬಿಸ್ಕತ್ತು ಕೊಟ್ಟು ಕಳಿಸುತ್ತಿದ್ದರು. ಗೆಲ್ಲುವ ಆಸೆ ಹೆಂಗಸರ ಆರೋಗ್ಯಕ್ಕೆ ಒಳ್ಳೆಯದಲ್ಲವಂತೆ. 1972ರಲ್ಲಿ ಸಮಾನ ಅವಕಾಶದ ಕಾನೂನು ಬಂದಾಗ ನಮ್ಮ ಆಡಳಿತ ಮಂಡಳಿ ಹುಡುಗಿಯರು ಬಟ್ಟೆ ಎಲ್ಲಿ ಬದಲಾಯಿಸಬೇಕು ಎಂಬುದನ್ನೇ ಒಂದು ವರ್ಷ ಚರ್ಚಿಸಿತು. ನೀನು ಸೇರುವ ಹೊತ್ತಿಗೆ ತಂಡವೇನೋ ಇತ್ತು. ಆದರೆ ಹುಡುಗರ ಅಭ್ಯಾಸ ಮುಗಿದ ಮೇಲೆ ನಿಮಗೆ ಅಂಗಳ, ನಿಮ್ಮ ಅಭ್ಯಾಸ ಮುಗಿಯುವಷ್ಟರಲ್ಲಿ ಊಟದ ಮನೆಗೆ ಬೀಗ. ಆಗ ನೀನು ಬೆವರು ಸುರಿಸುತ್ತಿದ್ದ ಇಡೀ ತಂಡವನ್ನು ಕಟ್ಟಿಕೊಂಡು ಆಡಳಿತ ಮಂಡಳಿಯ ಔತಣಕ್ಕೆ ನುಗ್ಗಿ, “ನಮಗೂ ಊಟ ಆಗಿಲ್ಲ, ಎಲ್ಲಿ ಕೂತ್ಕೋಬೇಕು?” ಎಂದು ಕೇಳಿದೆಯಲ್ಲ, ಅದನ್ನು ನಾನು ಪ್ರತಿ ವರ್ಷ ತರಗತಿಯಲ್ಲಿ ಹೇಳುತ್ತಿದ್ದೆ. ಮುಂದಿನ ವಾರವೇ ಊಟದ ಹೊತ್ತು ಬದಲಾಯಿತು. ನೀನು ಕಾಲೇಜಿಗಾಗಿ ಎತ್ತಿದ ಮೊದಲ ದೇಣಿಗೆ ಅದೇ ಎಂದು ನನ್ನ ಲೆಕ್ಕ.

ಪದವಿ ಮುಗಿಸಿ ನೀನು ಕಾಲೇಜಿನ ಟಿಕೆಟ್ ಕಿಟಕಿಯಲ್ಲಿ ಕೂತೆ. ಆಟದ ವರದಿ ಬರೆದು ಪತ್ರಿಕೆಗೆ ಕೊಟ್ಟೆ, ಮಂಜುಗಟ್ಟಿದ ರಸ್ತೆಯಲ್ಲಿ ತಂಡದ ವ್ಯಾನು ಓಡಿಸಿದೆ, ತರಬೇತುದಾರರಿಗೆ ಜ್ವರ ಬಂದಾಗ ಶಿಳ್ಳೆ ಹಿಡಿದು ನಿಂತೆ. ಸಹಾಯಕ ನಿರ್ದೇಶಕಿಯಾದೆ. ಕೊನೆಗೆ ಹಳೆಯ ನಿರ್ದೇಶಕರು, “ದುಡ್ಡು ಕೇಳೋ ಕೆಲಸ ಗಂಡಸ್ರು ಯಾರಿಗೂ ಬೇಡ್ವಂತೆ, ನೀನೇ ನೋಡ್ಕೋ” ಎಂದು ಅದನ್ನೂ ನಿನ್ನ ತಲೆಗೆ ಕಟ್ಟಿದರು. ಮೊದಲ ವರ್ಷ ಬಣ್ಣದ ಪುಸ್ತಿಕೆ ಹಿಡಿದು ಹೊಲದ ಮನೆಗಳಿಗೆ ಹೋಗಿ ಬರಿಗೈಯಲ್ಲಿ ಬಂದು ನಮ್ಮ ಅಡುಗೆಮನೆಯಲ್ಲಿ ಅಳುತ್ತ ಕೂತಿದ್ದೆ. ನನ್ನ ಅಣ್ಣ, ಅಂದರೆ ನಿನ್ನಪ್ಪ ಆರ್‌ವಿಲ್, ಪತ್ರಿಕೆಯಿಂದ ತಲೆ ಎತ್ತದೆ ಹೇಳಿದ್ದು ನೆನಪಿದೆಯಾ? “ಮೊದಲ್ನೇ ಸಲಕ್ಕೆ ಹೂಂ ಅನ್ನೋಕೆ ಅವರೇನು ಹೊರಗಿನವ್ರಾ? ಹೋಗಿ ಕಾಫಿ ಕುಡಿದು ಬಾ. ಏನೂ ಕೇಳ್ಬೇಡ. ಆಮೇಲೆ ಇನ್ನೊಂದ್ಸಲ ಹೋಗು.” ಹಾಗೇ ಮಾಡಿದೆ. ಎಲ್‌ರಾಯ್ ಮೊದಲು, “ನಮ್ ಹತ್ರ ಏನಿದೆ ಕೊಡೋಕೆ?” ಅಂದ. ಆಮೇಲೆ, “ನೋಡೋಣ” ಅಂದ. ಇನ್ನೊಮ್ಮೆ ಹೋದಾಗ ಅವನೇ ನಿನ್ನನ್ನು ತನ್ನ ಟ್ರ್ಯಾಕ್ಟರ್ ಅಂಗಡಿಯ ಹಿಂದೆ ಕರೆದುಕೊಂಡು ಹೋಗಿ, “ಎಷ್ಟು ಬೇಕು ಅಂತ ಹೇಳಮ್ಮ, ಸುತ್ತಿ ಬಳಸಬೇಡ” ಎಂದ. ಹೊಸ ಕ್ರೀಡಾಂಗಣ ಎದ್ದು ನಿಂತದ್ದು ಹೀಗೆ, ಒಂದೊಂದು ಅಡುಗೆಮನೆಯಿಂದ. ಉದ್ಘಾಟನೆಯ ದಿನ ಹುಡುಗಿಯರ ಬಟ್ಟೆ ಬದಲಾಯಿಸುವ ಕೋಣೆ ಹುಡುಗರದ್ದಕ್ಕಿಂತ ಒಂದು ಅಡಿ ಅಗಲ ಹೆಚ್ಚಿದ್ದುದನ್ನು ನೋಡಿ ನಾನು ಹೊರಗೆ ಬಂದು ಕಣ್ಣೊರೆಸಿಕೊಂಡೆ.

ಈಗ ಗುರುವಾರದ ವಿಷಯಕ್ಕೆ ಬರುತ್ತೇನೆ. ಕ್ರೀಡಾಭಿಮಾನಿಗಳ ಸಂಘದ ವಾರ್ಷಿಕ ಊಟ ಎಂದಿನಂತೆ ಚರ್ಚಿನ ನೆಲಮಾಳಿಗೆಯಲ್ಲಿತ್ತು. ಎಂದಿನಂತೆ ಆಲೂಗಡ್ಡೆ ಮಾಂಸ ಬೇಯಿಸಿದ ಪಾತ್ರೆಗಳು, ಎಂದಿನಂತೆ ನಿಂಬೆಹಣ್ಣಿನ ಸಿಹಿಯ ಕೊನೆಯ ತುಂಡನ್ನು ಯಾರೂ ಪೂರ್ತಿ ತೆಗೆದುಕೊಳ್ಳದೆ ಅರ್ಧರ್ಧ ಕತ್ತರಿಸುತ್ತ ಹೋಗಿ ಕೊನೆಗೆ ಒಂದು ಚೂರು ಉಳಿದಿತ್ತು. ಅಧ್ಯಕ್ಷ ಟಿಸ್‌ಡೇಲ್ ಭಾಷಣ ಮುಗಿಸಿ, ಪ್ರಶ್ನೆಗಳಿದ್ದರೆ ಕೇಳಿ ಎಂದರು. ಇಂಥ ಕಡೆ ಯಾರೂ ಏನೂ ಕೇಳುವುದಿಲ್ಲ ಎಂಬ ಧೈರ್ಯ ಅವರಿಗೆ. ನಾನು ಎದ್ದು ನಿಂತೆ. “ಟಿಸ್‌ಡೇಲ್ ಅವರೇ, ಮೂರು ವರ್ಷದ ಹಿಂದೆ ಡಾಗ್ನಿಗೆ ಆಸಕ್ತಿ ಇರಲಿಲ್ಲ ಅಂತ ಪತ್ರಿಕೆಗೆ ಹೇಳಿದ್ರಿ. ಅದು ನಿಮಗೆ ಹೇಗೆ ಗೊತ್ತಾಯ್ತು?”

“ಯಾಕೆ, ನಾನೇ ಕೇಳಿದ್ದೆನಲ್ಲ ಮೇಡಂ” ಎಂದರು. ಡಾಗ್ನಿ, ಈ ವಿಷಯ ನೀನು ನನಗೂ ಹೇಳಿರಲಿಲ್ಲ. “ನಿರ್ದೇಶಕಿ ಆಗ್ತೀರಾ ಅಂತ ನೇರವಾಗಿ ಕೇಳ್ದೆ. ಅಯ್ಯೋ, ನನಗಿಂತ ಒಳ್ಳೆಯವರು ಸಿಗ್ತಾರೆ ಬಿಡಿ, ನಾನು ಇರೋ ಕಡೆನೇ ಚೆನ್ನಾಗಿದೀನಿ ಅಂದ್ರು.”

ಹಿಂದಿನ ಮೇಜಿನಿಂದ ಲವಾನ್ ಕೇಳಿದಳು: “ಎಷ್ಟು ಸಲ ಕೇಳಿದ್ರಿ?”

“ಒಂದ್ಸಲ.”

“ಒಂದೇ ಸಲವಾ? ಸ್ವಾಮಿ, ಒಂದ್ಸಲ ಕೇಳಿದ್ರೆ ನಾನು ಕಾಫಿಗೂ ಹೂಂ ಅನ್ನಲ್ಲ!”

ಆಮೇಲೆ ಎದ್ದ ನಗು ಮೇಲಿನ ಪ್ರಾರ್ಥನೆಯ ಹಾಲಿನವರೆಗೂ ಕೇಳಿಸಿರಬೇಕು. ಪಾಪ, ಟಿಸ್‌ಡೇಲ್ ಕಿವಿಯವರೆಗೂ ಕೆಂಪಾದರು. “ನಮ್ ಟೆಕ್ಸಾಸ್‌ನಲ್ಲಿ ಬೇಡ ಅಂದ್ರೆ ಬೇಡ ಅಂತಲೇ” ಎಂದರು. ಆಮೇಲೆ ತಡೆದು ತಡೆದು ಕೇಳಿದರು: “ಹಾಗಾದ್ರೆ… ಮೊದಲ ವರ್ಷ ನಾವು ಮನೆಗೆ ಊಟಕ್ಕೆ ಕರೆದಾಗ ತೊಂದ್ರೆ ಬೇಡ ಅಂದ್ರಲ್ಲ, ನೀವೆಲ್ಲ?”

“ಬರೋಣ ಅಂತಲೇ ಇದ್ವಿ! ನೀವು ಆಮೇಲೆ ಕರೀಲೇ ಇಲ್ಲ!” ಎಂದು ನಾಲ್ಕೈದು ಕಡೆಯಿಂದ ಕೂಗು. ಅವರ ಹೆಂಡತಿ ಕೈಯಲ್ಲಿದ್ದ ಕರವಸ್ತ್ರವನ್ನು ಕಣ್ಣಿಗೊತ್ತಿಕೊಂಡು ನಗುತ್ತಿದ್ದರು. ಇಷ್ಟು ವರ್ಷ ಈ ಊರಿಗೆ ತಾವು ಬೇಡವಾದವರು ಎಂದುಕೊಂಡೇ ಬದುಕಿದ್ದರಂತೆ.

ಎಲ್ಲರೂ ನಕ್ಕು ಹಗುರಾದರು. ನಾನು ಮಾತ್ರ ಕೂರಲಿಲ್ಲ. ನಗೆಯಲ್ಲಿ ತೇಲಿಹೋಗಲು ಬಿಡಬಾರದ ಒಂದು ಮಾತು ಉಳಿದಿತ್ತು. ಪರ್ಸೆಲ್ ಬಂದ ಹೊಸದರಲ್ಲಿ ಅದೇ ವಾರಪತ್ರಿಕೆಗೆ ಕೊಟ್ಟ ಸಂದರ್ಶನವನ್ನು ನಾನು ಓದಿದ್ದೆ, ಮರೆತಿರಲಿಲ್ಲ. ‘ನಾನು ಮೊದಲು ಒಲ್ಲೆ ಎಂದೆ, ಅವರು ಬಿಡಲಿಲ್ಲ’ ಎಂದು ಹೆಮ್ಮೆಯಿಂದ ಹೇಳಿಕೊಂಡಿದ್ದರು. “ಪರ್ಸೆಲ್ ಕೂಡ ಮೊದಲು ಬೇಡ ಅಂದಿದ್ರು. ಅವರನ್ನ ಎಷ್ಟು ಸಲ ಕೇಳಿದ್ರಿ?” ಎಂದೆ.

ಟಿಸ್‌ಡೇಲ್, “ನಾಲ್ಕು ಸಲ” ಎಂದರು. ಆಗ ಯಾರೂ ನಗಲಿಲ್ಲ. ಗಂಡಸು ಬೇಡ ಎಂದರೆ ಅದು ಚೌಕಾಸಿ, ಬೆಲೆ ಏರಿಸಿ ಮತ್ತೆ ಕೇಳಬೇಕು. ಹೆಂಗಸು ಬೇಡ ಎಂದರೆ ಅದು ತೀರ್ಮಾನ, ಪತ್ರಿಕೆಗೆ ಕೊಟ್ಟುಬಿಡಬೇಕು. ಟೆಕ್ಸಾಸಿಗೂ ಮಿನೆಸೋಟಾಗೂ ಈ ಒಂದು ವಿಷಯದಲ್ಲಿ ವ್ಯತ್ಯಾಸವೇ ಇಲ್ಲ. ಆದರೆ ಆ ಮನುಷ್ಯನ ಬಗ್ಗೆ ಒಂದು ಒಳ್ಳೆಯ ಮಾತು ಬರೆಯಲೇಬೇಕು. ನೆಪ ಹೇಳಲಿಲ್ಲ. “ತಪ್ಪು ನನ್ನದು. ಆ ಹೇಳಿಕೇನ ಪತ್ರಿಕೆಯಲ್ಲೇ ವಾಪಸ್ ತಗೋತೀನಿ” ಎಂದರು, ಎಲ್ಲರ ಮುಂದೆ. ಇಷ್ಟು ವರ್ಷದ ಓದಿನಲ್ಲಿ ತಪ್ಪೊಪ್ಪಿಕೊಂಡ ಅಧ್ಯಕ್ಷರನ್ನು ನಾನು ಬಹಳ ಕಂಡಿಲ್ಲ.

ಇನ್ನು ನಿನ್ನ ಸರದಿ, ಮಗಳೇ. ನಿನ್ನ ಮೇಲೂ ನನಗೆ ಸಿಟ್ಟಿದೆ. ನೀನು ಅಂದ ಆ ಮಾತನ್ನು ಟಿಸ್‌ಡೇಲ್ ಬಾಯಲ್ಲಿ ಕೇಳಿದಾಗ ಅದರಲ್ಲಿ ನಿನ್ನಮ್ಮನ ದನಿ, ನಮ್ಮಮ್ಮನ ದನಿ, ಈ ಊರಿನ ಎಲ್ಲ ಹೆಂಗಸರ ದನಿ ಕೇಳಿಸಿತು. ಬೇಕಾದದ್ದನ್ನು ಬೇಡ ಎನ್ನುವುದೇ ನಯ ಎಂದು ನಮ್ಮನ್ನು ಬೆಳೆಸಿದರು. ಕಾಫಿಗೆ ಹಾಗೆ ಹೇಳು, ತಟ್ಟೆಯ ಕೊನೆಯ ತುಂಡಿಗೆ ಹೇಳು. ನಿನ್ನ ಜೀವಮಾನದ ಕೆಲಸಕ್ಕೆ ಹೇಳಬೇಡ. ಬೇರೆಯವರಿಗಾಗಿ ಯಾರ ಬಾಗಿಲಿಗಾದರೂ ಎಷ್ಟು ಸಲ ಬೇಕಾದರೂ ಹೋಗಿ ಕೇಳಬಲ್ಲ ನಿನಗೆ, ನಿನಗೋಸ್ಕರ ಒಮ್ಮೆಯಾದರೂ ‘ಬೇಕು’ ಎನ್ನಲು ಯಾಕೆ ನಾಲಿಗೆ ಏಳಲಿಲ್ಲ? ಓಹಾಯೊದಲ್ಲಿ ಗಾಜಿನ ಕಿಟಕಿ, ದೊಡ್ಡ ಸಂಬಳ, ಒಳ್ಳೆಯ ಜನ ಎಲ್ಲ ಇದೆ ಎಂದು ಬರೆದಿದ್ದೆ. ಆಟ ನೋಡಿದೆ ಎಂದು ಮಾತ್ರ ಒಂದು ಕಾಗದದಲ್ಲೂ ಬರೆದಿಲ್ಲ.

ಲವಾನ್ ನಿನ್ನನ್ನು ಕೇಳಿದಳು ಎಂದು ತಿಳಿಸಲು ಹೇಳಿದ್ದಾಳೆ. ನಿನ್ನ ಹಳೆಯ ತಂಡದ ಹುಡುಗಿಯರು ಗುರುವಾರ ಇಡೀ ಒಂದು ಮೇಜು ತುಂಬ ಕೂತಿದ್ದರು, ಅರ್ಧದಷ್ಟು ಜನ ಅಜ್ಜಿಯರಾಗಿದ್ದಾರೆ, ಎಲ್ಲರದೂ ನೆನಪು. ಹಿಮದ ಅಡಿಯಲ್ಲಿ ನನ್ನ ಟ್ಯುಲಿಪ್ ಗಿಡಗಳು ಮೊಳಕೆ ಬಿಟ್ಟಿರುವುದನ್ನು ಬೆಳಿಗ್ಗೆ ಕೆದಕಿ ನೋಡಿದೆ, ಬದುಕಿವೆ. ಚೆನ್ನಾಗಿ ಊಟ ಮಾಡು. ದೇವರು ನಿನ್ನ ಮೊಣಕಾಲನ್ನೂ ಬೆನ್ನುಮೂಳೆಯನ್ನೂ ಗಟ್ಟಿಯಾಗಿಡಲಿ.

ಎಂದಿಗೂ ನಿನ್ನವಳೇ ಆದ,
ಅರ್ಡಿಸ್ ಅತ್ತೆ

ಮರೆತ ಮಾತು: ಹಿಮ ತೆಗೆಯುವ ಗಾಡಿ ಬಂತು, ಅಂಚೆಯವನೂ ನಾಳೆ ಬೆಳಿಗ್ಗೆ ಬಂದಾನು, ಬೇಗ ಬರೆಯುತ್ತೇನೆ. ಊಟ ಮುಗಿದ ಮೇಲೆ ಟಿಸ್‌ಡೇಲ್ ನನ್ನ ಹತ್ತಿರ ಬಂದು ನಿನ್ನ ಫೋನ್ ನಂಬರ್ ಕೇಳಿದರು. ನಾನು ಕೊಡಲಿಲ್ಲ. ಬಾಗಿಲು ಮುಚ್ಚಿಕೊಂಡು ಕೇಳಿ, ಬಾಗಿಲು ಮುಚ್ಚಿಕೊಂಡು ಉತ್ತರ ಹೇಳಿದ್ದಕ್ಕೇ ಇಷ್ಟೆಲ್ಲ ಆಯಿತು. ಈ ಸಲ ಬಯಲಲ್ಲಿ ಕೇಳಿ ಎಂದೆ. ಒಪ್ಪಿದರು. ಬರುವ ಗುರುವಾರದ ಪತ್ರಿಕೆಯ ಮೊದಲ ಪುಟದಲ್ಲಿ, ಹಳೆಯ ಹೇಳಿಕೆ ಹಿಂತೆಗೆದುಕೊಂಡ ಸಾಲಿನ ಕೆಳಗೆ, ಅವರ ಹೆಸರಿನಲ್ಲಿ ಈ ಪ್ರಶ್ನೆ ಬರುತ್ತದೆ: ‘ಡಾಗ್ನಿ ಸ್ಟೆನ್ಸ್‌ರುಡ್ ಅವರೇ, ನೀವು ಎಲ್ವರುಮ್ ಕಾಲೇಜಿನ ಕ್ರೀಡಾ ನಿರ್ದೇಶಕಿಯಾಗುತ್ತೀರಾ?’ ಅದರ ಮುಂದಿನ ವಾರ ಅದೇ ಜಾಗವನ್ನು ಸಂಪಾದಕರು ನಿನಗಾಗಿ ಖಾಲಿ ಬಿಡುತ್ತಾರೆ. ನನಗೆ ಬರೆಯಬೇಡ, ಟಿಸ್‌ಡೇಲ್‌ಗೆ ಫೋನ್ ಮಾಡಬೇಡ. ಬರುತ್ತೀಯೋ ಇಲ್ಲವೋ, ನಿನ್ನ ಹೆಸರು ಹಾಕಿ ಊರೆಲ್ಲ ಓದುವಂತೆ ಅಲ್ಲಿ ಉತ್ತರ ಕೊಡು.